ಹೆಸರಿಲ್ಲದೆ ಊರು ದಾಟಿದ ಕೌದಿ

ಅಕ್ಕಂದಿರೇ, ನಿಮ್ಮ ಮನೆಯ ಹಳೆಯ ಸೀರೆಗಳು ಈಗ ಎಲ್ಲಿಗೆ ಹೋಗುತ್ತಿವೆ? ಓಣಿಯಲ್ಲಿ ಸ್ಟೀಲ್ ಪಾತ್ರೆಯವಳು ಕೂಗಿದರೆ ಸಾಕು, ನಾಲ್ಕು ಸೀರೆ ಕೊಟ್ಟು ಒಂದು ಡಬ್ಬಿ ತೆಗೆದುಕೊಳ್ಳುತ್ತೀರಿ. ಬೈಯುವುದಕ್ಕೆ ಕೇಳುತ್ತಿಲ್ಲ, ಎಲ್ಲರ ಮನೆಯಲ್ಲೂ ನಡೆಯುವುದು ಅದೇ. ಆದರೆ ಹೆಬ್ಬಳ್ಳಿಯ ದಾವಲಬಿ ಆ ಕೂಗು ಕೇಳಿದಾಗಲೆಲ್ಲ ಸೂಜಿ ಕೆಳಗಿಟ್ಟು ಓಣಿಯ ಕಡೆ ನೋಡುತ್ತಿದ್ದಳು.

ದಾವಲಬಿ ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಸಾಲು ಸಾಲಾಗಿ ಸೂಜಿ ಓಡಿಸಿ ಬೆಚ್ಚನೆಯ ಹೊದಿಕೆ ಮಾಡುವುದು ಅವಳ ಕಸುಬು. ಒಂದು ಕಾಲಕ್ಕೆ ಅವಳ ಪಡಸಾಲೆಯಲ್ಲಿ ಅವಳೂ ಸೇರಿ ಐದು ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ಅಂಗಡಿಯ ಮೆತ್ತನೆಯ ಬ್ಲ್ಯಾಂಕೆಟ್ಟುಗಳು ಬಂದವು, ಹೊಲಿಸುವವರು ಕಡಿಮೆಯಾದರು, ಮೂವರು ಎದ್ದು ಹೋದರು. ಉಳಿದವಳು ಎದುರುಮನೆಯ ಸಾವಕ್ಕ ಒಬ್ಬಳೇ. ಇಪ್ಪತ್ತೆರಡು ವರ್ಷ ದಾವಲಬಿಯ ಎಡಗಡೆಗೇ ಕೂತವಳು ಅವಳು. ಇವಳ ದಾರ ಮುಗಿಯುವ ಹೊತ್ತಿಗೆ ಅವಳು ಇನ್ನೊಂದು ಸೂಜಿ ಪೋಣಿಸಿ ಇಟ್ಟಿರುತ್ತಿದ್ದಳು.

ಎರಡು ಸಾವಿರದ ಎಂಟನೆಯ ಇಸವಿಯ ಯುಗಾದಿ ಮುಗಿದ ಮೇಲೆ ಒಂದು ದಿನ ಸಾವಕ್ಕ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಅಕ್ಕಾ, ದೀಪಾವಳಿ ತನಕ ನೋಡತೇನಿ. ಕೆಲಸ ಬರಲಿಲ್ಲಂದ್ರ ನವನಗರದ ಕಲ್ಯಾಣ ಮಂಟಪಕ್ಕ ಭಾಂಡಿ ತೊಳ್ಯಾಕ ಹೋಗತೇನಿ. ಬರ್ರಿ ಅಂತ ಕರದಾರ."

"ನೀ ಹೋದ್ರ ನಾ ಯಾರ ಕೂಡ ಕುಂಡ್ರಲಿ?" ಎಂದಳು ದಾವಲಬಿ. ಸಾವಕ್ಕ ಇನ್ನೊಂದು ಸೂಜಿ ಪೋಣಿಸಿ ಅವಳ ಮುಂದಿಟ್ಟಳು.

ದಾವಲಬಿಯ ಸೊಸೆ ಜರೀನಾ ಧಾರವಾಡದ ಒಂದು ಮಹಿಳಾ ತರಬೇತಿ ಕೇಂದ್ರಕ್ಕೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದಳು. ಅಲ್ಲಿ ಕಲಿಸುವವಳು ಜಯಾ. ಜರೀನಾ ಅತ್ತೆಯ ಸಂಕಟವನ್ನು ಅವಳ ಮುಂದೆ ತೋಡಿಕೊಂಡಳು. ಜಯಾ ಹೆಬ್ಬಳ್ಳಿಗೇ ಬಂದು, ಪೆಟ್ಟಿಗೆಯಲ್ಲಿದ್ದ ಒಂಬತ್ತು ಕೌದಿಗಳನ್ನು ಬಿಚ್ಚಿಸಿ ನೋಡಿದಳು. ಫೋಟೋ ತೆಗೆದಳು. ಹದಿನೈದು ದಿನದಲ್ಲಿ ದಾವಲಬಿಯ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಅಂಗಡಿಯನ್ನೇ ತೆರೆದುಬಿಟ್ಟಳು. ದಾವಲಬಿಯ ಗಂಡ ಗುಲಾಬಸಾಬನಿಗೆ ಸೈಕಲ್ ರಿಪೇರಿ ಅಂಗಡಿ, ಅವನ ಮೊಬೈಲ್ ನಂಬರನ್ನೇ ಅದಕ್ಕೂ ಕೊಟ್ಟರು.

ಗುಲಾಬಸಾಬನಿಗೆ ನಗು. "ಬಾಗಲಿಲ್ಲ, ಕೀಲಿ ಇಲ್ಲ, ಎಂಥಾ ಅಂಗಡಿವಾ ಇದು? ಗಿರಾಕಿ ಎಲ್ಲಿಂದ ಒಳಗ ಬರಬೇಕು?"

ಎರಡು ತಿಂಗಳು ಯಾರೂ ಬರಲಿಲ್ಲ. ಮಧ್ಯಾಹ್ನ ಬುತ್ತಿ ಕೊಡಲು ಹೋದಾಗಲೆಲ್ಲ ದಾವಲಬಿ ಕೇಳುವಳು, "ಫೋನ್ ಬಂದಿತ್ತೇನ್ರಿ?" ಅವನು ಹೇಳುವನು, "ಬಂದಿತ್ತು. ಪಂಕ್ಚರ್ ಹಾಕ್ತೀರೇನು ಅಂತ ಕೇಳಿದ್ರು." ಮೊದಮೊದಲು ಇಬ್ಬರೂ ನಗುತ್ತಿದ್ದರು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಜಯಾ ಮತ್ತೆ ಬಂದಳು. "ತಪ್ಪು ನಂದರಿ ಕಾಕಾ," ಎಂದಳು. "ಅಂಗಡಿ ತೆರದೆ, ಆದ್ರ ಐತಿ ಅಂತ ಯಾರಿಗೂ ಹೇಳಲಿಲ್ಲ. ಈಗ ಒಂದು ಬ್ಲಾಗ್ ಬರಿಯೋಣು. ಬ್ಲಾಗ್ ಅಂದ್ರ ಅಂಗಡಿ ಮುಂದಿನ ಕಟ್ಟಿ ಇದ್ದಂಗರಿ. ದಿನಾ ಅಲ್ಲಿ ಕುಂತು ನಾಕು ಮಾತು ಆಡಿದ್ರ ಹೋಗೋರು ನಿಲ್ಲತಾರ, ಕೇಳತಾರ, ಆಮ್ಯಾಲ ಒಳಗ ಬರತಾರ."

"ಕಟ್ಟಿ ಮ್ಯಾಲ ಕುಂತು ಏನ ಮಾತಾಡೋದು? ತೊಗೋರಿ, ತೊಗೋರಿ ಅಂತ ಒದರೋದ?" ಎಂದ ಗುಲಾಬಸಾಬ.

"ಒದರಿದ್ರ ಯಾರೂ ನಿಲ್ಲೂದಿಲ್ರಿ. ಈ ಕೌದ್ಯಾಗ ಯಾರ ಸೀರಿ ಅದಾವು, ಯಾಕ ಹೊಲಿಸಿದ್ರು, ಅದನ್ನ ಹೇಳೋದು. ವಾರಕ್ಕೊಂದು ಕೌದಿ, ವಾರಕ್ಕೊಂದು ಕಥಿ. ಬರದದ್ದು ಅಲ್ಲೇ ಕುಂಡ್ರೂದಿಲ್ಲ. ಪೇಪರ್ ಹಾಕೋರು ಮನಿಮನಿಗೆ ಹಾಕಿ ಹೋಗತಾರಲ್ರಿ, ಹಂಗ ಬೇಕಂದವರ ಕಂಪ್ಯೂಟರಿಗೆ ತಾನ ಹೋಗಿ ಬೀಳತೈತಿ. ಅದಕ್ಕ ಫೀಡ್ ಅಂತಾರ. ಬ್ಯಾರೆ ವೆಬ್‌ಸೈಟಿನವ್ರೂ ಕೇಳಿ ತಗೊಂಡು ತಮ್ಮಲ್ಲಿ ಹಾಕ್ಕೋತಾರ. ಕುಂತಲ್ಲೇ ಕುಂತು ಹತ್ತೂರಿಗೆ ಸುದ್ದಿ ಮುಟ್ಟತೈತಿ."

ಆಮೇಲೆ ಅವಳು ಜರೀನಾಳ ಕಡೆ ತಿರುಗಿ ಬೆರಳು ಎತ್ತಿ ಹೇಳಿದಳು: "ಒಂದು ಮಾತು ನೆಪ್ಪಿಡು. ಒಂದೊಂದು ಬರಹದ ಕೆಳಗೂ ಮೂರು ಸಾಲು ಇರಾಕಬೇಕು. ಹೊಲದಾಕಿ ಹೆಸರು. ಊರು, ಫೋನ್ ನಂಬರು. ಅಂಗಡಿ ವಿಳಾಸ. ಇದು ತಪ್ಪಬಾರ್ದು."

ಇಷ್ಟು ಹೇಳಿ ಜಯಾ ಹೆರಿಗೆಗೆಂದು ತವರುಮನೆ ಗದಗಕ್ಕೆ ಹೋದಳು. ತುಂಬು ಬಸುರಿ, ಇನ್ನೆಷ್ಟು ಹೇಳಿಯಾಳು?

ಜರೀನಾ ಮೊದಲು ಬರೆದದ್ದು ಮುರಿಗೆವ್ವನ ಕೌದಿಯ ಕಥೆ. ಮುರಿಗೆವ್ವ ಅಮ್ಮಿನಬಾವಿಯವಳು. ಏಳು ಸೀರೆ ಗಂಟು ಕಟ್ಟಿ ತಂದಿದ್ದಳು. ಮದುವೆಯದು, ಮೊದಲ ಬಸುರಿನ ಕುಬಸದ ಹಸಿರು ಸೀರೆ, ಮಗಳನ್ನು ಗಂಡನ ಮನೆಗೆ ಕಳಿಸಿದ ದಿನ ಉಟ್ಟದ್ದು, ಹೀಗೆ. ಕೊನೆಯದರಲ್ಲಿ ಒಲೆಯ ಕಿಡಿ ಬಿದ್ದು ರೂಪಾಯಿಯಷ್ಟಗಲ ತೂತಾಗಿತ್ತು. ಅದನ್ನು ತುಂಡು ಹಚ್ಚಿ ಮುಚ್ಚಲೇ ಎಂದು ದಾವಲಬಿ ಕೇಳಿದಾಗ ಮುರಿಗೆವ್ವ, "ಮುಚ್ಚಬ್ಯಾಡವಾ. ಮೂವತ್ತು ವರ್ಷ ಆ ಒಲಿ ಮುಂದ ಕುಂತೇನಿ. ಇರಲಿ" ಎಂದಿದ್ದಳು. ದಾವಲಬಿ ಆ ತೂತನ್ನು ಕೌದಿಯ ನಟ್ಟನಡುವೆ ತಂದು, ಅದರ ಸುತ್ತ ಹೊಲಿಗೆಯ ಹದಿಮೂರು ಸುತ್ತು ಹಾಕಿದ್ದಳು. ಒಯ್ಯುವುದರೊಳಗೆ ಮುರಿಗೆವ್ವ ತೀರಿಕೊಂಡಳು. ಮಗಳು ನನಗೆ ಬೇಡ ಎಂದಳು. ಕೌದಿ ದಾವಲಬಿಯ ಪೆಟ್ಟಿಗೆಯಲ್ಲೇ ಉಳಿಯಿತು.

ಜರೀನಾ ಬರೆದದ್ದನ್ನು ಅತ್ತೆಗೆ ಓದಿ ಹೇಳಿದಳು. ದಾವಲಬಿ ಕಣ್ಣು ಒರೆಸಿಕೊಂಡು ಕೇಳಿದಳು. ಕೊನೆಗೆ ಆ ಮೂರು ಸಾಲು ಬಂದವು: ಹೊಲಿದವರು ದಾವಲಬಿ, ಹೆಬ್ಬಳ್ಳಿ.

"ಅದನ್ನ ತಗಿ."

"ಯಾಕಮ್ಮಾ?"

"ಕೌದಿಗೆ ಸೀರಿ ಕೊಟ್ಟ ಮನಿ ಹೆಸರು ಇರತೈತಿ. ಹೊಲದಾಕಿ ಹೆಸರು ಇರೂದಿಲ್ಲ. ನಮ್ಮವ್ವ ಹೇಳಲಿಲ್ಲ, ಆಕಿ ಅವ್ವಾನೂ ಹೇಳಲಿಲ್ಲ. ಪಾಟೀಲರ ಮನಿ ಕೌದಿ, ದೇವಕ್ಕನ ಮನಿ ಕೌದಿ, ಹಿಂಗ ಅನ್ನೂದು. ಸತ್ತಾಕಿ ಸೀರಿ ಮ್ಯಾಲ ನನ್ನ ಹೆಸರು ಬರಕೊಳ್ಳಲೇನು? ನಾಚಿಕಿ ಆಗಬೇಕು."

ಕೌದಿ ಹೊಲಿಯುವವರ ಮನೆತನದ ಮರ್ಯಾದೆ ಅದು. ಊರೊಳಗೆ ಚೆನ್ನಾಗಿಯೇ ನಡೆದುಬಂದಿತ್ತು. ಯಾರು ಹೊಲಿದದ್ದೆಂದು ಊರಿನವರಿಗೆ ಹೇಳಬೇಕಾಗಿಯೂ ಇರಲಿಲ್ಲ, ಹೊಲಿಗೆ ನೋಡಿದರೆ ತಿಳಿಯುತ್ತಿತ್ತು. ಜರೀನಾ ಅತ್ತೆಯ ಮಾತು ಮೀರುವವಳಲ್ಲ. ಹೆಸರು ತೆಗೆದಳು, ಊರು, ಫೋನ್ ನಂಬರು ತೆಗೆದಳು. ಅಂಗಡಿಯ ವಿಳಾಸದಲ್ಲೂ ಅತ್ತೆಯ ಹೆಸರಿದೆಯಲ್ಲ ಎಂದು ಅದನ್ನೂ ತೆಗೆದಳು. ಬ್ಲಾಗಿನ ಬಲಬದಿಗೆ 'ಅಂಗಡಿ' ಎಂಬ ಗುಂಡಿ ಹೇಗೂ ಇದೆ, ಬೇಕಾದವರು ಒತ್ತಿಕೊಳ್ಳುತ್ತಾರೆ ಎಂದುಕೊಂಡಳು.

ಎರಡೇ ವಾರದಲ್ಲಿ ಒಂದು ಕನ್ನಡ ವೆಬ್ ಪತ್ರಿಕೆಯಿಂದ ಮಿಂಚಂಚೆ ಬಂತು. ಬರಹ ತುಂಬ ಹಿಡಿಸಿದೆ, ನಮ್ಮಲ್ಲಿ ಹಾಕಿಕೊಳ್ಳಬಹುದೇ, ಯಾರ ಹೆಸರು ಹಾಕೋಣ ಎಂದು ಕೇಳಿದ್ದರು. ಪಾಪ, ಒಳ್ಳೆಯ ಜನ. ಜರೀನಾ ಉತ್ತರ ಬರೆದಳು: ಹಾಕಿಕೊಳ್ಳಿ, ಹೆಸರು ಬೇಡ.

ಆಮೇಲೆ ಜರೀನಾ ವಾರಕ್ಕೊಂದರಂತೆ ಎಂಟು ಕೌದಿಗಳ ಕಥೆ ಬರೆದಳು. ಬಸ್ಸಿಗೆ ಹೋಗಿ, ಸರದಿ ಕಾದು, ಕನ್ನಡದ ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದಳು. ಗುಲಾಬಸಾಬನ ಮೊಬೈಲಿಗೆ ಮಾತ್ರ ಪಂಕ್ಚರಿನವರೇ ಬಂದರು. ಶ್ರಾವಣ ಹೋಯಿತು. ರಮ್ಜಾನ್ ಹೋಯಿತು. ದಾವಲಬಿಯೂ ಸಾವಕ್ಕನೂ ಹೊಲಿಯಲು ಏನೂ ಇಲ್ಲದೆ, ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿದರು.

ದೀಪಾವಳಿಯ ಮರುವಾರ ಸಾವಕ್ಕ ತನ್ನ ಸೂಜಿಗಳನ್ನು ತಂದು ದಾವಲಬಿಯ ಕೈಗೆ ಕೊಟ್ಟಳು. "ಇಟ್ಕೋ ಅಕ್ಕಾ. ನನಗ ಇನ್ನ ಯಾಕ ಬೇಕು?" ಎಂದಳು. ಅವತ್ತು ದಾವಲಬಿ ಒಲೆ ಹೊತ್ತಿಸಲಿಲ್ಲ. ಗುಲಾಬಸಾಬನೇ ಚಹಾ ಮಾಡಿಕೊಟ್ಟ.

ಸಂಕ್ರಾಂತಿ ಮುಗಿದ ಮೇಲೆ ಜಯಾ ಕೂಸನ್ನು ಎತ್ತಿಕೊಂಡು ಕೇಂದ್ರಕ್ಕೆ ಮರಳಿದಳು. ಜರೀನಾ ಬರೆದದ್ದನ್ನೆಲ್ಲ ಓದಿದಳು. ಕೆಳಗೆ ಆ ಮೂರು ಸಾಲು ಕಾಣಲಿಲ್ಲ. ಅವಳ ಮುಖ ಇಳಿಯಿತು. ಮುರಿಗೆವ್ವನ ಕಥೆಯಿಂದ ಒಂದು ಸಾಲು ಎತ್ತಿ ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಪರದೆಯ ಮೇಲೆ ಬಂದದ್ದನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದಳು.

"ಜರೀನಾ, ನಿಮ್ಮತ್ತೀನ್ನ ಕರಕೊಂಡ ಬಾ," ಎಂದಳು.

ಮರುದಿನ ದಾವಲಬಿ ಗಂಡನ ಜೊತೆ ಬಸ್ಸು ಹತ್ತಿ ಬಂದು ಆ ಪರದೆಯ ಮುಂದೆ ಕೂತಳು. ಮುರಿಗೆವ್ವನ ಕೌದಿಯ ಕಥೆ ಹದಿನಾಲ್ಕು ಕಡೆ ಇತ್ತು. ಒಬ್ಬರಿಂದ ಇನ್ನೊಬ್ಬರು ತೆಗೆದುಕೊಂಡು ಹಾಕಿದ್ದರು. 'ಯಾರು ಬರೆದದ್ದೋ ತಿಳಿಯದು, ಓದಿ' ಎಂದು ಮೇಲೆ ಒಂದು ಮಾತು.

"ಬ್ಲಾಗಿನ ಬಲಕ್ಕ ಅಂಗಡಿ ಗುಂಡಿ ಇತ್ತಲ್ರಿ ಅಕ್ಕಾರ?" ಎಂದಳು ಜರೀನಾ.

"ಬರಹ ಬ್ಯಾರೆ ಕಡೆ ಹೋದ್ರ ಬರಹ ಅಷ್ಟ ಹೋಗತೈತವಾ. ಬಲಕ್ಕಿದ್ದದ್ದು ಅಲ್ಲೇ ಉಳೀತೈತಿ. ಅದಕ್ಕ ಮೂರು ಸಾಲು ಬರಹದ ಒಳಗ ಹಾಕು ಅಂದಿದ್ದೆ."

ಪ್ರತಿಯೊಂದು ಕಡೆಯೂ ಕಥೆಯ ಕೆಳಗೆ ಓದಿದವರು ಏನೇನೋ ಬರೆದಿದ್ದರು. ಜರೀನಾ ಒಂದೊಂದಾಗಿ ಓದಿದಳು. 'ಇದನ್ನು ಹೊಲಿದವರು ಯಾರು? ನಮ್ಮಮ್ಮನ ಸೀರೆಗಳಿವೆ, ಹೊಲಿದುಕೊಡುತ್ತಾರೆಯೇ?' ಅದು ಆಗಸ್ಟಿನದು. 'ದಯವಿಟ್ಟು ವಿಳಾಸ ಕೊಡಿ.' ಅದು ಸೆಪ್ಟೆಂಬರಿನದು. 'ಮೂರು ಸಲ ಕೇಳಿದೆ, ಯಾರಾದರೂ ಹೇಳಬಾರದೇ?' ಅದು ದೀಪಾವಳಿಗೆ ಹತ್ತು ದಿನ ಮೊದಲು ಬರೆದದ್ದು.

"ನಾ ಹೊಲದೇನಿ," ಎಂದಳು ದಾವಲಬಿ, ಪರದೆಗೆ.

ಜರೀನಾ ಮುಂದಿನದನ್ನು ಓದಿದಳು.

"ನಾ ಹೊಲದೇನ್ರೀ. ಹೆಬ್ಬಳ್ಳ್ಯಾಗ ಅದೇನಿ," ಎಂದಳು ದಾವಲಬಿ ಮತ್ತೆ. ಐವತ್ತೊಂದು ಮಂದಿ ಕೇಳಿದ್ದರು. ಒಬ್ಬರಿಗೂ ಉತ್ತರ ಸಿಕ್ಕಿರಲಿಲ್ಲ. ಸಿಕ್ಕಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಕೊನೆಯಲ್ಲಿ ಬರೆದಿದ್ದರು: ಇಂಥ ಕೌದಿ ನಮ್ಮಲ್ಲಿ ಸಿಗುತ್ತದೆ. ಜಯಾ ಅವರ ಪುಟ ತೆರೆದಳು. ಮುರಿಗೆವ್ವನ ಕಥೆ ಇತ್ತು, ಕೆಳಗೆ ಮಷೀನಿನಲ್ಲಿ ಹೊಲಿದ ಕೌದಿಗಳ ಸಾಲೇ ಇತ್ತು.

ದಾವಲಬಿ ಪರದೆಗೆ ಮುಖ ತಾಗಿಸಿ ನೋಡಿದಳು. "ಇದರಾಗ ತೂತಿಲ್ಲ," ಎಂದಳು. "ಸುತ್ತ ಅಷ್ಟ ಹೊಲದಾರ."

ಗುಲಾಬಸಾಬ ಬಾಗಿಲ ಹತ್ತಿರವೇ ನಿಂತಿದ್ದ. "ನಾಕು ಪಂಕ್ಚರ್ ಹಾಕೋ ಅಂಗಡಿಗೆ ನನ್ನ ಹೆಸರಿನ ಬೋರ್ಡ್ ಬರಿಸೇನಿ," ಎಂದ. "ಇಷ್ಟ ಛಲೋ ಕೆಲಸಕ್ಕ ನಿನ್ನ ಹೆಸರು ಬ್ಯಾಡ ಅಂದಾಗ ನಾನೂ ಸುಮ್ಮನ ಕುಂತೆ. ನಗಕೋತ ಕುಂತೆ." ಆಮೇಲೆ ಅವನು ಯಾವತ್ತೂ ಆ ಅಂಗಡಿಯ ಬಗ್ಗೆ ನಗಲಿಲ್ಲ.

ಅವತ್ತೇ ಮೂರು ಸಾಲು ಹಾಕಿದರು, ಎಲ್ಲ ಬರಹಗಳಿಗೂ. ಹದಿನಾಲ್ಕು ಕಡೆಗೂ ಪತ್ರ ಬರೆದರು. ಮೊದಲು ಅನುಮತಿ ಕೇಳಿದ್ದ ಪತ್ರಿಕೆಯವರು ಕೂಡಲೇ ಹೆಸರು, ವಿಳಾಸ ಸೇರಿಸಿದರು. ಇನ್ನಿಬ್ಬರು ಸೇರಿಸಿದರು. ಉಳಿದವರು ಉತ್ತರಿಸಲಿಲ್ಲ. ಬೆಂಗಳೂರಿನವರೂ ಉತ್ತರಿಸಲಿಲ್ಲ. ಕೇಳಿದ್ದ ಐವತ್ತೊಂದು ಮಂದಿಗೂ ಉತ್ತರ ಹಾಕಿದರು, ಅವರಲ್ಲಿ ನಾಲ್ವರು ಮರಳಿ ಬರೆದರು. ಮೂವರು ಬೇರೆ ಕಡೆ ಕೊಂಡಾಗಿತ್ತು. ಒಬ್ಬಾಕೆ ತಾಯಿಯ ಸೀರೆಗಳನ್ನು ಕಾದು ಕಾದು ಯಾರಿಗೋ ಕೊಟ್ಟುಬಿಟ್ಟಿದ್ದಳು.

ಮಾರ್ಚಿನಲ್ಲಿ ಮೊದಲ ನಿಜವಾದ ಫೋನು ಬಂತು. ಮೈಸೂರಿನವರು, ಎರಡು ಕೌದಿ ಬೇಕು ಎಂದರು. ದಾವಲಬಿ ಸಾವಕ್ಕನ ಸೂಜಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನವನಗರದ ಕಲ್ಯಾಣ ಮಂಟಪಕ್ಕೆ ಹೋದಳು. ಹಿತ್ತಲಲ್ಲಿ ಸಾವಕ್ಕ ದೊಡ್ಡ ಹಂಡೆಯೊಂದನ್ನು ತಿಕ್ಕುತ್ತಿದ್ದಳು.

"ಸಾವಕ್ಕಾ, ಕೆಲಸ ಬಂದೈತಿ. ಬಾ."

ಸಾವಕ್ಕ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಪಾತ್ರೆ ತೊಳೆಯುವ ಸೋಡಾದ ನೀರಿಗೆ ಬೆರಳುಗಳೆಲ್ಲ ಸೀಳಿ, ಊದಿ, ಮಡಚಲಾರದೆ ನಿಂತಿದ್ದವು. ದಾವಲಬಿ ಒಂದು ಸೂಜಿ ಕೊಟ್ಟಳು. ಅದು ಎರಡು ಸಲ ಜಾರಿ ನೆಲಕ್ಕೆ ಬಿತ್ತು.

"ಬೆರಳು ಹಿಡಿಯವಲ್ಲವು ಅಕ್ಕಾ," ಎಂದಳು ಸಾವಕ್ಕ. "ದೀಪಾವಳಿಗೆ ಬಂದಿದ್ರ ಕುಂಡ್ರತಿದ್ದೆ."

ದಾವಲಬಿ ಒಬ್ಬಳೇ ಬಸ್ಸಿನಲ್ಲಿ ಮರಳಿದಳು. ಎರಡು ಕೌದಿಗಳನ್ನೂ ಒಬ್ಬಳೇ ಹೊಲಿದಳು. ಮೂಲೆಯಲ್ಲಿ ಜರೀನಾ ಸುಣ್ಣದ ಬಳಪದಿಂದ ಹೆಸರು ಬರೆದುಕೊಟ್ಟಳು, ಓದಲು ಬಾರದ ದಾವಲಬಿ ಆ ಗೆರೆಗಳ ಮೇಲೆಯೇ ಸೂಜಿ ಓಡಿಸಿದಳು. ಅವಳು ಬರೆಸಿಕೊಂಡದ್ದು ಒಂದೇ ಹೆಸರಲ್ಲ: ದಾವಲಬಿ, ಸಾವಕ್ಕ, ಹೆಬ್ಬಳ್ಳಿ.

ಅಕ್ಕಂದಿರೇ, ನೀವು ರೊಟ್ಟಿ ಮಾಡಿ ಮಾರುತ್ತೀರೋ, ಕಸೂತಿ ಹಾಕುತ್ತೀರೋ, ಶೇಂಗಾ ಚಟ್ನಿ ಕುಟ್ಟುತ್ತೀರೋ, ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಬ್ಲಾಗ್ ಬರೆಯಿರಿ, ವಾರ ತಪ್ಪಿಸದೆ ಬರೆಯಿರಿ. ಬೇರೆಯವರು ಕೇಳಿದರೆ ಸಂತೋಷದಿಂದ ಕೊಡಿ, ನಿಮ್ಮ ಮಾತು ನಾಲ್ಕು ಕಡೆ ಹೋಗಲಿ. ಆದರೆ ಅದರ ಒಡಲಲ್ಲೇ ನಿಮ್ಮ ಹೆಸರು, ಊರು, ಫೋನು, ಅಂಗಡಿಯ ವಿಳಾಸ ಇರಲಿ. ಅದಿಲ್ಲದೆ ಯಾರಿಗೂ ಕೊಡಬೇಡಿ. ತಿಂಗಳಿಗೊಮ್ಮೆ ನಿಮ್ಮ ಬರಹದ ಒಂದು ಸಾಲು ಹುಡುಕಿ, ಅದು ಎಲ್ಲೆಲ್ಲಿ ಹೋಗಿದೆ, ಅಲ್ಲಿ ಯಾರು ಏನು ಕೇಳಿದ್ದಾರೆ ಎಂದು ನೋಡಿ, ಅವತ್ತೇ ಉತ್ತರ ಕೊಡಿ. ನಾಚಿಕೆ ಎನಿಸಿದರೆ ಹೆಬ್ಬಳ್ಳಿಯ ಆ ಪಡಸಾಲೆಯನ್ನು ನೆನೆಯಿರಿ. ದಾವಲಬಿ ಈಗಲೂ ದಾರ ಮುಗಿದಾಗ ಎಡಗಡೆಗೆ ಕೈ ಚಾಚುತ್ತಾಳೆ. ಅಲ್ಲಿ ಸೂಜಿ ಪೋಣಿಸಿ ಕೊಡುವವರು ಯಾರೂ ಇಲ್ಲ.