ಒಂಬತ್ತರ ಸರದಿ

ಗೆರೆ ನಿನ್ನೆ ಬಿಟ್ಟಲ್ಲೇ ಇತ್ತು.

ಯೋಗಾನರಸಿಂಹ ನಂಬಲಿಲ್ಲ. ಪುಟ ಮುಚ್ಚಿ ಮತ್ತೆ ತೆರೆದ. ಸೈಬರ್ ಸೆಂಟರಿನ ಹಳೆಯ ಕಂಪ್ಯೂಟರು ಗೊಣಗುತ್ತ ಮೊದಲು ಕಾಡನ್ನು ತೋರಿಸಿತು, ಆಮೇಲೆ ಹೊಳೆಯನ್ನು, ಕೊನೆಗೆ ಕೆಂಪು ಗೆರೆಯನ್ನು. ಬಸವನಕೊಪ್ಪಲು ಗೆರೆಯ ಹೊರಗೇ ಇತ್ತು. ರಾತ್ರಿ ಯಾರೂ ಮುಟ್ಟಿರಲಿಲ್ಲ.

ಗೆಲುವು ಅಂದರೆ ಇದೇ ಇರಬೇಕು ಅಂದುಕೊಂಡ. ಆದರೂ ಇನ್ನೊಂದು ಸಲ ಪುಟ ಮುಚ್ಚಿ ತೆರೆದ.

ಎರಡು ಕಾಡುಗಳ ನಡುವೆ ಆನೆಗಳು ಓಡಾಡುವ ದಾರಿಯನ್ನು ಉಳಿಸುವ ಯೋಜನೆ ಅದು. ಇಲಾಖೆಯವರು, ಸಂಸ್ಥೆಗಳವರು, ಕಾಫಿ ತೋಟದವರು, ಪ್ರೊಫೆಸರುಗಳು ತಂತಮ್ಮ ಊರುಗಳಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಒಂದೇ ನಕ್ಷೆಯನ್ನು ತಿದ್ದುತ್ತಿದ್ದರು. ಹೆಸರು ಗೊತ್ತಾದರೆ ಜಾತಿ, ಹುದ್ದೆ ನೋಡಿ ಜಗಳಕ್ಕೆ ನಿಲ್ಲುತ್ತಾರೆಂದು ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅರಕಲಗೂಡಿನ ಕಾಲೇಜಿನಲ್ಲಿ ಭೂಗೋಳ ಕಲಿಸುವ ಯೋಗಾನರಸಿಂಹ ಅಲ್ಲಿ ಬರೀ ನಾಲ್ಕು.

ಗೆರೆಯ ಒಳಗೆ ಬಿದ್ದ ಊರಿಗೆ ಹೊಸ ಕರೆಂಟ್ ಕಂಬವಿಲ್ಲ, ಕೊಳವೆಬಾವಿಯಿಲ್ಲ, ಕೆಲವು ವರ್ಷಗಳಲ್ಲಿ ಊರೇ ಇಲ್ಲ. ಅದಕ್ಕೆ 'ಸ್ವಯಂಪ್ರೇರಿತ ಸ್ಥಳಾಂತರ' ಎಂಬ ಸಭ್ಯ ಹೆಸರಿಟ್ಟಿದ್ದರು.

ಕೊಪ್ಪಲನ್ನು ನಾಲ್ಕು ಹೊರಗೆಳೆದರೆ ಒಂಬತ್ತು ಒಳಗೆಳೆಯುತ್ತಿದ್ದ. ಬೆಳಿಗ್ಗೆ ಇವನ ಸರದಿ, ರಾತ್ರಿ ಅವನದು. ವರ್ಷದಿಂದ ಹೀಗೇ ನಡೆದಿತ್ತು. ಒಂಬತ್ತು ಒಂದಕ್ಷರ ಬರೆದವನಲ್ಲ. ಗಂಡೋ ಹೆಣ್ಣೋ, ಮೈಸೂರೋ ಮಡಿಕೇರಿಯೋ ತಿಳಿಯದು. ಮೊದಮೊದಲು ಇವನಿಗೆ ರೇಗುತ್ತಿತ್ತು, ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ಬರಬರುತ್ತ, ಒಂಬತ್ತು ಗೆರೆಯನ್ನು ಕೆರೆ ಏರಿಯ ಪಕ್ಕದಲ್ಲಿ ನಾಜೂಕಾಗಿ ಬಳಸಿ ತರುವ ರೀತಿ ಇವನಿಗೆ ಹೆಂಡತಿಯ ಕೈಬರಹಕ್ಕಿಂತ ಹೆಚ್ಚು ಪರಿಚಯವಾಯಿತು. ಜಗತ್ತಿನಲ್ಲಿ ತಾನು ಮಾಡಿದ್ದನ್ನು ದಿನವೂ ಗಮನಿಸುವವನು ಅವನೊಬ್ಬನೇ.

ಇವತ್ತು ಸಂಜೆ ಐದಕ್ಕೆ ನಕ್ಷೆ ಮುಚ್ಚುತ್ತದೆ. ಆಮೇಲೆ ಅದು ಸರ್ಕಾರಕ್ಕೆ ಹೋಗುತ್ತದೆ, ಯಾರೂ ತಿದ್ದುವಂತಿಲ್ಲ.

ಸ್ಕೂಟರ್ ಹತ್ತಿ ಕೊಪ್ಪಲಿಗೆ ಹೋದ. ಯಾಕೆ ಹೋದನೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ದೊಡ್ಡಬೀರಯ್ಯ ಹೊಗೆಸೊಪ್ಪಿನ ಹೊಲದಿಂದ ಕೈ ಒರೆಸಿಕೊಳ್ಳುತ್ತ ಬಂದ. ಕೊಪ್ಪಲನ್ನು ಹೊರಗೆ ಉಳಿಸುತ್ತೇನೆಂದು ಯೋಗಾನರಸಿಂಹ ಮಾತು ಕೊಟ್ಟದ್ದು ದೊಡ್ಡಬೀರಯ್ಯನಿಗೇ.

"ಏನ್ ಸಾ, ಗೆರೆ ಯಾವ್ ಕಡೀಕೈತೆ?"

"ನಿಮ್ಮ ಕಡೆಗೇ ಇದೆ."

"ಅಂಗಂದ್ರೆ? ನಾವು ಒಳೀಕೋ, ಆಚೀಕೋ?"

"ಆಚೆಗೆ."

ದೊಡ್ಡಬೀರಯ್ಯನ ಹೆಂಡತಿ ವಿಜಯಮ್ಮ ಕಾಫಿ ಲೋಟ ಇಟ್ಟಳು. "ಸದ್ಯ. ಇನ್ನಾದ್ರೂ ಕಣ್ತುಂಬ ನಿದ್ದೆ ಬತ್ತದೆ."

"ಸಂಜೆಗಂಟ ಏನೂ ಆಗಾಕಿಲ್ವಾ ಸಾ? ಎದುರ್ ಪಾಲ್ಟಿಯವ್ರು ಸುಮ್ಕೆ ಬುಟ್ಟಾರಾ?" ಎಂದ ದೊಡ್ಡಬೀರಯ್ಯ.

"ಅವನು ಬಂದಿಲ್ಲ."

"ಬರ್ದಿದ್ರೆ ಒಳ್ಳೇದೇ ಆಯ್ತಲ್ಲ. ಅದ್ಕ್ಯಾಕ್ ಮೊಕ ಇಂಗ್ ಮಾಡ್ಕೊಂಡಿದ್ದೀರಿ?"

ಯೋಗಾನರಸಿಂಹ ಕಾಫಿ ಕುಡಿದ. ತುಂಬಾ ಸಿಹಿಯಾಗಿತ್ತು. ಈ ಜನ ತನಗೆ ಏನೂ ಅಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅವರನ್ನು ಕಾಯುತ್ತಿದ್ದೇನೆಂದು ಇಷ್ಟು ದಿನ ತಿಳಿದಿದ್ದ. ನಾಚಿಕೆಯಾಗಿ ಬೇಗ ಎದ್ದ.

ಮನೆಯಲ್ಲಿ ಹೆಂಡತಿ ಚೂಡಾಮಣಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ರುದ್ರಪಟ್ಟಣಕ್ಕೆ ಹೊರಟಿದೀನಿ. ಅಣ್ಣನ ಸಂಗೀತ ಕಛೇರಿ. ನೀವೂ ಬರ್ತೀರಾ?"

"ಕೆಲಸ ಇದೆ."

"ಭಾನುವಾರ?"

"ಹ್ಞೂಂ."

"ಯಾರಾದ್ರೂ ಕಾಯ್ತಿದಾರಾ?"

"ಇಲ್ಲ" ಎಂದ. ಬೆಳಿಗ್ಗೆಯಿಂದ ಆಡಿದ ಮಾತುಗಳಲ್ಲಿ ಇದೊಂದನ್ನು ಮಾತ್ರ ಮನಸ್ಸಿನಿಂದ ಆಡಿದ್ದ. ಅವಳು ಸೀರೆ ಮಡಿಸಿದಳು.

ಸಂಜೆ ಮತ್ತೆ ಸೈಬರ್ ಸೆಂಟರು. ಗೆರೆ ಅಲ್ಲೇ. ಬೆಂಗಳೂರಿನಿಂದ ನಕ್ಷೆಯ ಉಸ್ತುವಾರಿ ನೋಡುವ ಗೌತಮಿಗೆ ಒಂದು ಸಾಲು ಕಳಿಸಿದ: ಒಂಬತ್ತು ಎಲ್ಲಿ?

ಉತ್ತರ ಕೂಡಲೇ ಬಂತು. "ಗೊತ್ತಿಲ್ಲ ಸರ್, ಬಿಟ್ಟು ಹೋಗಿರಬಹುದು. ನಿಮ್ಮ ಗೆರೆಯೇ ಫೈನಲ್ ಆಗುತ್ತೆ. ಖುಷಿ ಅಲ್ವಾ?"

ಬಿಟ್ಟು ಹೋಗುವುದೆಂದರೆ ಅಷ್ಟು ಸಲೀಸೇ? ಒಂದು ವರ್ಷ ತನ್ನ ಕೈಯನ್ನು ಹಿಡಿದು ಜಗ್ಗಿದವನು ಹೇಳದೆ ಕೇಳದೆ ಎದ್ದು ಹೋಗಿಬಿಟ್ಟನೇ? ಸಿಟ್ಟು ಬಂತು. ಅಳು ಬರುವಂಥ ಸಿಟ್ಟು.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೌಸ್ ಹಿಡಿದು ಗೆರೆಯನ್ನು ಮೆಲ್ಲಗೆ ಎಳೆಯತೊಡಗಿದ. ಕೆರೆ ಏರಿಯ ಪಕ್ಕದಲ್ಲಿ ನಾಜೂಕಾಗಿ ಬಳಸಿ, ಹೊಗೆಸೊಪ್ಪಿನ ಹೊಲಗಳನ್ನು ದಾಟಿಸಿ, ಥೇಟು ಒಂಬತ್ತು ತರುವ ಹಾಗೆ ತಂದ. ಕೊಪ್ಪಲು ಒಳಗೆ ಬಿತ್ತು. ಇದು ಅವನ ಸರದಿ, ಅವನ ಪರವಾಗಿ ಆಡಿದ್ದೇನೆ. ಇನ್ನು ನನ್ನ ಸರದಿ, ಹೊರಗೆಳೆಯಬೇಕು.

ಹಾಗೆ ಎಳೆದಾಗ ಪಕ್ಕದಲ್ಲಿ ಯಾರೋ ಬಂದು ಕೂತಂತಾಯಿತು. ಎದೆ ಹಗುರಾಯಿತು. ಅವನು ಆತುರಪಡಲಿಲ್ಲ. ಕುರ್ಚಿಗೆ ಒರಗಿ ಆ ಬಾಗನ್ನು ನೋಡುತ್ತ ಕೂತ. ನೀನು ಹೀಗೆ ಮಾಡುತ್ತೀಯೆಂದು ಗೊತ್ತಿತ್ತು ಕಣಯ್ಯ, ಎಂದು ಮನಸ್ಸಿನಲ್ಲೇ ಛೇಡಿಸಿದ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಆಮೇಲೆ ಕೈ ಚಾಚಿ ಮೌಸ್ ಹಿಡಿದ.

ಗೆರೆ ಅಲುಗಲಿಲ್ಲ.

ಮತ್ತೆ ಎಳೆದ. ಅಲುಗಲಿಲ್ಲ. ಮೂಲೆಯಲ್ಲಿ ಗೌತಮಿಯ ಸಾಲು ಮೂಡಿತ್ತು: "ಮುಚ್ಚಿತು ಸರ್. ಕೊನೇ ಗಳಿಗೆಯಲ್ಲಿ ನೀವು ಬಿಟ್ಟುಕೊಟ್ಟಿದ್ದು ದೊಡ್ಡ ಮಾತು. ಅಂತೂ ಒಮ್ಮತ ಬಂತು."

'ಅದು ನಾನಲ್ಲ' ಎಂದು ಟೈಪು ಮಾಡಿದ. ಅಳಿಸಿದ. ತಪ್ಪಾಯಿತು, ಮತ್ತೆ ತೆರೆಯಿರಿ ಎನ್ನಬಹುದಿತ್ತು. ಯಾಕೆ ಎಳೆದಿರಿ ಎಂದು ಅವಳು ಕೇಳಿದರೆ? ಆ ಪ್ರಶ್ನೆಯನ್ನು ಎದುರಿಸುವುದಕ್ಕಿಂತ ಒಂದು ಊರು ಎದ್ದು ಹೋಗುವುದು ಸುಲಭವೆಂದು ಅವನಿಗೆ ಕಂಡಿತು. ಹಾಗೆ ಕಂಡದ್ದಕ್ಕೆ ಮೈ ತಣ್ಣಗಾಯಿತು.

ಬೆರಳನ್ನು ಪರದೆಯ ಗಾಜಿನ ಮೇಲೆಯೇ ಇಟ್ಟ. ಕೊಪ್ಪಲು ಉಗುರಿನಡಿ ಮುಚ್ಚಿಹೋಯಿತು. ಒತ್ತಿ, ಕಾಡಿನ ಕಡೆಗೆ ಬಳಸಿ ಎಳೆದ. ಗಾಜಿನ ಧೂಳಿನಲ್ಲಿ ಸಣ್ಣ ಗೆರೆ ಮೂಡಿತು. ಕೊಪ್ಪಲು ಅದರ ಹೊರಗೆ ಬಂತು.

"ಮುಗೀತಾ ಸಾ? ಬಾಗ್ಲಾಕ್ಬೇಕು." ಅಂಗಡಿಯ ಪ್ರಸನ್ನಕುಮಾರ್ ಹಿಂದಿನಿಂದ ಬಗ್ಗಿ ಗುಂಡಿ ಒತ್ತಿದ.

ಕಾಡು, ಹೊಳೆ, ಕೆರೆ, ಕೊಪ್ಪಲು ಒಟ್ಟಿಗೇ ಆರಿದವು. ಕಪ್ಪು ಗಾಜಿನ ಮೇಲೆ ಅವನು ಬೆರಳಿನಿಂದ ಎಳೆದ ಗೆರೆಯೊಂದೇ ಉಳಿಯಿತು.