ಉಂಡದ್ದು ಮೈಗೆ ಹತ್ತಲಿ

ಮನೆ ತುಂಬ ಜನ, ಕಕ್ಕಸು ಒಂದೇ. ಇಂಥ ಮನೆಯ ಬೆಳಗಿನ ಜಗಳ ಯಾರಿಗೆ ಗೊತ್ತಿಲ್ಲ ಹೇಳಿ? ಆ ದಿನವೂ ಹಿರಿಸೊಸೆ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದಳು. ಒಳಗಿದ್ದವಳು ಕಿರಿಸೊಸೆ. ನೀರು ಸುರಿದ ಸದ್ದು ಒಂದು ಸಲ ಕೇಳಿಸಿತು. ಆಮೇಲೆ ಎರಡನೆಯದು, ಮೂರನೆಯದು, ನಾಲ್ಕನೆಯದು.

“ಏನೇ, ಒಳಗೆ ಕೆರೆ ತುಂಬಿಸ್ತಿದ್ದೀಯಾ? ಒಬ್ಬಳಿಗೆ ನಾಲ್ಕು ಬಕೆಟ್ ನೀರಾ?”

“ಬಂದೆ ಅಕ್ಕಾ,” ಎನ್ನುತ್ತ ಕಿರಿಯವಳು ತಲೆ ತಗ್ಗಿಸಿ ಹೊರಬಂದಳು. ಮುಖ ಕೊಟ್ಟು ಮಾತಾಡಲಿಲ್ಲ. ಅಹಂಕಾರ ನೋಡು, ಅಂದುಕೊಂಡಳು ಹಿರಿಯವಳು.

ಇಬ್ಬರೂ ದುಡಿಯುವುದು ಮನೆಯ ಮುಂದಿನ ಕೋಣೆಯಲ್ಲೇ ಇರುವ ಲಾಂಡ್ರಿಯಲ್ಲಿ. ಕಿರಿಯವಳು ಒಗೆಯುತ್ತಾಳೆ. ಹಿರಿಯವಳು ಇಸ್ತ್ರಿ ಹಾಕುತ್ತಾಳೆ, ಹರಿದದ್ದು ಹೊಲಿಯುತ್ತಾಳೆ. ಅತ್ತೆ ಬಾಗಿಲ ಬಳಿ ಕೂತು ಬಟ್ಟೆ ಮಡಚುತ್ತ ಗಿರಾಕಿಗಳ ಜೊತೆ ಹರಟುತ್ತಾಳೆ. ಕೆಲಸವೇನೋ ಸಲೀಸಾಗಿ ಸಾಗುತ್ತದೆ, ಆದರೆ ಸೊಸೆಯರದು ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ.

ಜಗಳದ ಮೂಲ ಊಟದ ತಟ್ಟೆ. ಕಿರಿಯವಳಿಗೆ ಕರಿದದ್ದೂ ಬೇಕು, ಬೆಣ್ಣೆಯೂ ಬೇಕು, ಎಲ್ಲವೂ ಎರಡೆರಡು ಸಲ ಬೇಕು. ಆದರೂ ಅವಳ ಸೊಂಟ ಹಿಡಿಯಷ್ಟೇ. ಹಿರಿಯವಳಿಗೋ, ಅವಳೇ ಹೇಳುವಂತೆ, ಗಾಳಿ ಕುಡಿದರೂ ಮೈ ಬರುತ್ತದೆ. ಬೆಂಕಿಗೆ ತುಪ್ಪ ಸುರಿಯಲು ಅತ್ತೆ ಇದ್ದೇ ಇದ್ದಳು. ಹಿರಿಯವಳು ಮದುವೆಯಾದ ಹೊಸತರಲ್ಲಿ ಹಾಕುತ್ತಿದ್ದ ನೀಲಿ ಕೋಟು ಪೆಟ್ಟಿಗೆಯಲ್ಲಿ ಮಲಗಿತ್ತು. ಅದನ್ನು ತೆಗೆದು ಕಿರಿಯವಳ ಕೈಗಿಟ್ಟು, “ದೊಡ್ಡವಳಿಗಂತೂ ಇನ್ನು ಈ ಜನ್ಮದಲ್ಲಿ ಗುಂಡಿ ಕೂರಲ್ಲ. ನೀನೇ ಹಾಕ್ಕೋ,” ಅಂದುಬಿಟ್ಟಳು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಕೋಟು ಕಿರಿಯವಳಿಗೆ ದೊಗಳೆಯಾಯಿತು. ಸೊಂಟ ಬಿಗಿ ಮಾಡಿಕೊಡುವ ಕೆಲಸ ಯಾರದು? ಹಿರಿಯವಳದೇ. ಹಲ್ಲು ಕಚ್ಚಿಕೊಂಡು ಹೊಲಿದಳು. ಎರಡು ತಿಂಗಳಿಗೆ ಮತ್ತೆ ದೊಗಳೆ, ಮತ್ತೆ ಹೊಲಿಗೆ. ಇನ್ನೆರಡು ತಿಂಗಳಿಗೆ ಮೂರನೇ ಸಲ. ಪ್ರತಿ ಹೊಲಿಗೆಯೂ ತನ್ನ ಹೊಟ್ಟೆಗೇ ಚುಚ್ಚಿದ ಹಾಗಾಗುತ್ತಿತ್ತು ಅವಳಿಗೆ. ‘ನಾನೂ ತೋರಿಸ್ತೀನಿ’ ಎಂದು ಹಟ ಹಿಡಿದು ಎಣ್ಣೆ ಬೆಣ್ಣೆ ಪೂರ್ತಿ ಬಿಟ್ಟಳು. ತುಟಿ ಒಡೆಯಿತು, ಚರ್ಮ ಹೊಟ್ಟೆದ್ದಿತು. ಸಿಟ್ಟೊಂದು ಮಾತ್ರ ದಪ್ಪವಾಯಿತು.

ಮುಸ್ಸಂಜೆಯಾದರೆ ಕಿರಿಯವಳು ಬಟ್ಟೆ ಬುಟ್ಟಿಗೆ ಎಡವುವುದು ಶುರುವಾಯಿತು. “ಸಂಜೆ ಕೆಲಸ ತಪ್ಪಿಸೋಕೆ ನಾಟಕ,” ಎಂದು ಹಿರಿಯವಳು ಅತ್ತೆಯ ಕಿವಿ ಕಚ್ಚಿದಳು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಇಸ್ತ್ರಿಗೆಂದು ತನ್ನ ಬಿಳಿ ಕೋಟುಗಳ ಗಂಟು ತಂದಳು. ಅತ್ತೆ ಒಳಗಿದ್ದಳು, ಕಿರಿಯವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಹಿರಿಯವಳು ಅದರಲ್ಲೊಂದು ಕೋಟಿಗೆ ಇಸ್ತ್ರಿ ಹಾಕುತ್ತಲೇ ದನಿ ತಗ್ಗಿಸಿದಳು.

“ನರ್ಸಮ್ಮ, ಎಣ್ಣೆ ಬಿಟ್ಟು ಮೂರು ತಿಂಗಳಾಯ್ತು. ಒಂದಿಂಚೂ ಇಳಿದಿಲ್ಲ. ಕೆಲವರು ಜಿಡ್ಡಲ್ಲೇ ಮುಳುಗಿದ್ರೂ ಕಡ್ಡಿ ಹಾಗೇ ಇರ್ತಾರಲ್ಲ, ಏನದು ಗುಟ್ಟು?”

“ಪೂರ್ತಿ ಬಿಡೋಕೆ ಹೇಳಿದ್ಯಾರು ನಿಂಗೆ?”

“ಎಣ್ಣೆ ಅಂದ್ರೆ ವಿಷ ಅಂತಾರಲ್ಲ!”

“ವಿಷ ಅಲ್ಲ ಕಣಮ್ಮ. ಅತಿಯಾದ್ರೆ ಕೆಟ್ಟದ್ದು, ಹಿತವಾಗಿದ್ರೆ ಬೇಕೇ ಬೇಕು. ಕ್ಯಾರೆಟ್ಟು, ಸೊಪ್ಪು ತಿಂತೀಯಲ್ಲ, ಅದರಿಂದ ಸಿಗೋ ಎ ವಿಟಮಿನ್ನು ಜಿಡ್ಡಿನ ಜೊತೆಗೇ ಮೈಗೆ ಸೇರೋದು. ಡಿ, ಇ, ಕೆ ಕೂಡ ಹಾಗೇ. ಅಲ್ಲಿ ತೊಟ್ಟೀಲಿ ಏನು ನೆನೆಹಾಕಿದ್ದೀರಿ?”

“ಕ್ಯಾಂಟೀನಿನವರ ಏಪ್ರನ್ನು. ಬರೀ ಜಿಡ್ಡು.”

“ಬರೀ ನೀರಲ್ಲಿ ಹೋಗುತ್ತಾ?”

“ಎಲ್ಲಿಂದ ಹೋಗುತ್ತೆ? ಸೋಪು ಬೇಕು.”

“ಹೊಟ್ಟೆಯೊಳಗೂ ಅದೇ ಕಥೆ. ತಿಂದ ಎಣ್ಣೆ ಸಣ್ಣ ಕರುಳಿಗೆ ಬಂದಾಗ ಪಿತ್ತರಸ ಬಂದು ಸೇರುತ್ತೆ. ಅದು ಯಕೃತ್ತಲ್ಲಿ ತಯಾರಾಗೋದು, ಪಿತ್ತಕೋಶದಲ್ಲಿ ಕಾದು ಕೂತಿರೋದು. ಸೋಪಿನ ಹಾಗೆ ಎಣ್ಣೇನ ಸಣ್ಣ ಸಣ್ಣ ಹನಿ ಮಾಡುತ್ತೆ. ಆಮೇಲೆ ಜಠರದ ಹಿಂದಿರೋ ಮೇದೋಜ್ಜೀರಕ ಗ್ರಂಥಿ ತನ್ನ ರಸ ಕಳಿಸುತ್ತೆ. ಅದು ನಿನ್ನ ಕತ್ತರಿ ಇದ್ದ ಹಾಗೆ. ಒಂದೊಂದು ಹನೀನೂ ಕತ್ತರಿಸಿ ಚೂರು ಮಾಡುತ್ತೆ. ಕರುಳಿನ ಒಳಗೋಡೆ ಟವೆಲ್ಲಿನ ಥರ ಜೂಲು ಜೂಲು. ಆ ಚೂರುಗಳನ್ನ ಅದು ಹೀರ್ಕೊಳ್ಳುತ್ತೆ. ಅಲ್ಲಿಂದ ದುಗ್ಧರಸದ ನಾಳ ಹಿಡಿದು ರಕ್ತಕ್ಕೆ ಸೇರುತ್ತೆ.”

“ಸೋಪೋ ಕತ್ತರಿಯೋ ಇಲ್ಲದೇ ಹೋದ್ರೆ?”

“ತಿಂದ ಜಿಡ್ಡು ಹಾಗೇ ಹೊರಗೆ. ಮಲ ಬಿಳಚಿಕೊಂಡು, ಜಿಡ್ಡುಜಿಡ್ಡಾಗಿ, ಕೆಟ್ಟ ವಾಸನೆ. ನೀರಿನ ಮೇಲೆ ತೇಲುತ್ತೆ, ಎಷ್ಟು ಸುರಿದರೂ ಹೋಗಲ್ಲ. ಚೆನ್ನಾಗಿ ಉಂಡರೂ ಮೈ ಇಳೀತಾ ಹೋಗುತ್ತೆ. ಎ ವಿಟಮಿನ್ ಸಿಗದೆ ಸಂಜೆಗತ್ತಲಲ್ಲಿ ಕಣ್ಣು ಕಾಣಲ್ಲ… ಅಯ್ಯೋ, ನನ್ನ ಕೋಟು!”

ಇಸ್ತ್ರಿ ನಿಂತಲ್ಲೇ ನಿಂತು ಬಟ್ಟೆ ಕರಟಿ ಹೋಗಿತ್ತು.

ಎಲ್ಲವೂ ಹಿರಿಯವಳಿಗೆ ಅಲ್ಲೇ ಹೊಳೆದಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಮುಚ್ಚುಮರೆ ಯಾಕೆ, ಅವಳ ಹೊಟ್ಟೆಕಿಚ್ಚು ಬಿಡಲಿಲ್ಲ. ಹೇಳಿದರೆ ಏನಾಗುತ್ತದೆ? ಈಗಲೇ ಅವಳು ಮನೆಯ ಮುದ್ದು. ಕಾಯಿಲೆ ಅಂತ ಗೊತ್ತಾದರೆ ಅತ್ತೆ ತಲೆಯ ಮೇಲೆ ಹೊತ್ತು ತಿರುಗುತ್ತಾಳೆ. ಕಕ್ಕಸಿನ ಬಾಗಿಲಲ್ಲಿ ಕಿವಿಗೊಟ್ಟು ಬಕೆಟ್ ಎಣಿಸಿದ್ದು ಬೇರೆ ಬಯಲಾಗುತ್ತದೆ. ಹೀಗೆ ಎರಡು ದಿನ ಕಳೆದಳು. ಆ ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಮೂರನೇ ದಿನ ಕಿರಿಯವಳು ನೀಲಿ ಕೋಟು ಹಿಡಿದು ಬಂದಳು. “ಅಕ್ಕಾ, ಇನ್ನೊಂದು ಸಲ ಬಿಗಿ ಮಾಡ್ತೀಯಾ?”

ಹಿರಿಯವಳು ಸೊಂಟಕ್ಕೆ ಟೇಪು ಸುತ್ತಿದಳು. ಬೆರಳಿಗೆ ಮೂಳೆ ತಾಗಿತು. ಇಷ್ಟು ದಿನ ಇದನ್ನೇ ನೋಡಿ ಕರುಬಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಟೇಪು ಕೆಳಗಿಟ್ಟಳು.

“ಬಿಗಿ ಮಾಡಲ್ಲ. ನಿಜ ಹೇಳು, ನಾಲ್ಕು ಬಕೆಟ್ ನೀರು ಹುಯ್ದರೂ ತೇಲ್ತಾನೇ ಇರುತ್ತಾ?”

ಕಿರಿಯವಳ ಮುಖ ಕಪ್ಪಿಟ್ಟಿತು. ಆಮೇಲೆ ಗಳಗಳ ಅತ್ತುಬಿಟ್ಟಳು. “ಯಾರ ಹತ್ರ ಹೇಳಲಿ ಅಕ್ಕಾ? ಎಲ್ಲರೂ ಎಷ್ಟು ಚೆಂದ ಸಣ್ಣಗಿದ್ದೀಯ ಅಂತಾರೆ. ರಾತ್ರಿ ಎದ್ದು ಕೂತರೆ ಕೈಕಾಲು ನಡುಗುತ್ತೆ. ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ನಿಂಗೆ ಉಂಡದ್ದು ಮೈಗೆ ಹತ್ತುತ್ತೆ.”

ಹಿರಿಯವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನನ್ನು ನೋಡಿ ಕರುಬುವ ಒಂದು ಜೀವ ಇದೇ ಮನೆಯಲ್ಲಿತ್ತು!

ಅಳು ಕೇಳಿ ಅತ್ತೆ ಬಂದಳು. ಹಿರಿಯವಳು ನರ್ಸಮ್ಮನ ಮಾತನ್ನೆಲ್ಲ ಹೇಳಿದ್ದಕ್ಕೆ ಮೂಗು ಮುರಿದಳು. “ಸಣ್ಣಗಿರೋದೂ ಒಂದು ಕಾಯಿಲೆನಾ? ನಿಂಗೆ ಹೊಟ್ಟೆಕಿಚ್ಚು, ಅದಕ್ಕೇ ಹೀಗೆ ಹೇಳ್ತೀಯ.”

“ಹೌದತ್ತೆ, ಹೊಟ್ಟೆಕಿಚ್ಚೇ. ಅದಕ್ಕೇ ಅವಳ ತುತ್ತು ಎಣಿಸಿದೆ, ಬಕೆಟ್ ಎಣಿಸಿದೆ, ಕೋಟಿನ ಇಂಚು ಎಣಿಸಿದೆ. ನೀವು ಮುದ್ದು ಮಾಡಿದ್ರಿ, ಆದರೆ ಸರಿಯಾಗಿ ನೋಡಿದ್ದು ನಾನು. ಆರು ತಿಂಗಳಲ್ಲಿ ಐದು ಇಂಚು ಇಳಿದಿದ್ದಾಳೆ. ನಾಳೆ ಲಾಂಡ್ರಿ ಬಾಗಿಲು ಹಾಕಿ. ಮೂವರೂ ಆಸ್ಪತ್ರೆಗೆ ಹೋಗೋಣ.”

ಅತ್ತೆ ಕಿರಿಯವಳ ಕೈ ಹಿಡಿದು, ತೋಳು ಮುಟ್ಟಿ ನೋಡಿದಳು. “ನಾಳೆ ಬೆಳಿಗ್ಗೇನೇ ಹೊರಡೋಣ,” ಎಂದಳು.

ಆಸ್ಪತ್ರೆಯಲ್ಲಿ ಮಲ ಪರೀಕ್ಷೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆದವು. ನರ್ಸಮ್ಮ ಹೇಳಿದ ಕತ್ತರಿಯದೇ ತೊಂದರೆ. ಮೇದೋಜ್ಜೀರಕ ಗ್ರಂಥಿಯ ರಸ ಸಾಲದಾಗಿತ್ತು. “ಇನ್ನೂ ತಡ ಮಾಡಿದ್ರೆ ಕಣ್ಣಿಗೂ ಮೂಳೆಗೂ ಕಷ್ಟ ಇತ್ತು,” ಎಂದರು ಡಾಕ್ಟರು. ಆ ರಸವಿರುವ ಕ್ಯಾಪ್ಸೂಲನ್ನು ಪ್ರತಿ ಊಟದ ಜೊತೆಗೇ ನುಂಗಬೇಕು, ಜೊತೆಗೆ ವಿಟಮಿನ್ ಮಾತ್ರೆ. ಹಿರಿಯವಳಿಗೂ ಬುದ್ಧಿ ಹೇಳಿದರು: ಎಣ್ಣೆ ಪೂರ್ತಿ ಬಿಡಬೇಡ, ಹಿತಮಿತವಾಗಿ ತಿನ್ನು, ದಿನಾ ನಡೆ.

ಐದಾರು ತಿಂಗಳು ಕಳೆದವು. ಬೆಳಿಗ್ಗೆ ಈಗ ಒಂದೇ ಬಕೆಟ್ಟಿನ ಸದ್ದು. ಮುಸ್ಸಂಜೆ ಬುಟ್ಟಿಗೆ ಯಾರೂ ಎಡವುವುದಿಲ್ಲ. ಒಂದು ದಿನ ಕಿರಿಯವಳು ನೀಲಿ ಕೋಟು ತಂದು ಹಲ್ಲು ಕಿರಿದಳು. “ಅಕ್ಕಾ, ಬಿಗಿಯಾಗ್ತಿದೆ.”

ಹಿರಿಯವಳು ಕತ್ತರಿ ತಗೊಂಡು ತಾನೇ ಹಾಕಿದ ಮೂರು ಸಾಲು ಹೊಲಿಗೆಯನ್ನೂ ಒಂದೊಂದಾಗಿ ಬಿಚ್ಚಿದಳು. ಕಿರಿಯವಳು ಹಾಕಿಕೊಂಡಳು, ಗುಂಡಿ ಸರಿಯಾಗಿ ಕೂತಿತು. ಅತ್ತೆ ಬಾಗಿಲಿಂದಲೇ ಕೂಗಿದಳು: “ಆಹಾ, ಮೈ ತುಂಬಿಕೊಂಡು ಈಗ ನೋಡು ಎಷ್ಟು ಚೆಂದ ಕಾಣ್ತಾಳೆ!”

ಹಿರಿಯವಳಿಗೆ ಒಳಗೆ ಚುರುಕ್ ಎಂದಿತು. ಆದರೂ ಕಿರಿಯವಳ ಕಾಲರು ನೇರ ಮಾಡಿ, “ಹೌದತ್ತೆ, ಚೆಂದ ಕಾಣ್ತಾಳೆ,” ಎಂದಳು.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಚೆನ್ನಾಗಿ ಉಂಡು ಸೊರಗುತ್ತಿರುವವರು ಇದ್ದಾರೆಯೇ? ಮಲ ಬಿಳಚಿ, ಜಿಡ್ಡಾಗಿ, ತೇಲುತ್ತಿದ್ದರೆ ನಾಚಿಕೆ ಪಡಬೇಡಿ, ಮುಚ್ಚಿಡಬೇಡಿ. ಕಾರಣ ಪಿತ್ತನಾಳದ್ದಿರಬಹುದು, ಗ್ರಂಥಿಯದಿರಬಹುದು, ಕರುಳಿನದೂ ಇರಬಹುದು. ಅದನ್ನು ಹೇಳಬೇಕಾದವರು ಡಾಕ್ಟರು, ಹೋಗಿ ಪರೀಕ್ಷೆ ಮಾಡಿಸಿ. ಎಣ್ಣೆಗೆ ಹೆದರಿ ಪೂರ್ತಿ ಬಿಡಲೂ ಬೇಡಿ, ರುಚಿಗೆ ಸೋತು ಸುರಿದುಕೊಳ್ಳಲೂ ಬೇಡಿ. ಪಕ್ಕದವರ ತಟ್ಟೆ ನೋಡಿ ಹೊಟ್ಟೆ ಉರಿದರೆ, ಹಾಗೇ ಒಮ್ಮೆ ಅವರ ಮುಖವನ್ನೂ ನೋಡಿ, ಮೈಗೆ ಹುಷಾರಿದೆಯಾ ಎಂದು ಕೇಳಿ.