ಎರಡು ಸಲ ಓದಿಸಿಕೊಂಡ ಕಥೆ

ಶಹಾಪುರದ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ನಂದಿನಿಗೆ ಕಥೆ ಓದಿ ಹೆದರುವ ಅಭ್ಯಾಸ ಇರಲಿಲ್ಲ. ತಪ್ಪು ಹುಡುಕುವ ಅಭ್ಯಾಸ ಮಾತ್ರ ಧಾರಾಳವಾಗಿತ್ತು. ನಿವೃತ್ತ ಮಾಸ್ತರ ಜಗದೇವಪ್ಪನವರು ಹೊಸಬರ ಕಥೆಗಳನ್ನು ಸೇರಿಸಿ ಒಂದು ಸಣ್ಣ ಪತ್ರಿಕೆ ಹೊರಡಿಸುತ್ತಿದ್ದರು. ಪ್ರತಿ ಕಥೆಯ ಕೆಳಗೆ ಒಬ್ಬ ಓದುಗರ ಅನಿಸಿಕೆ ಇರಲೇಬೇಕೆಂಬುದು ಅವರ ಹಟ. ನಂದಿನಿಯ ಕೈಗೆ ಸಿಕ್ಕ ಕಥೆಗಾರರು ಆಮೇಲೆ ಮಾಸ್ತರರ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಆದರೂ ಮಾಸ್ತರರು ಅವಳನ್ನು ಬಿಡಲಿಲ್ಲ. ಖಡಕ್ಕಾಗಿ ಮಾತಾಡುವವರೆಂದರೆ ಅವರಿಗೆ ಪ್ರೀತಿ.

"ತಂಗಿ, ಇದು ದೆವ್ವದ ಕಥಿ. ಏಳೇ ಪುಟ ಅದ. ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಕೊಡು," ಎಂದು ಒಂದು ಶನಿವಾರ ಲಕೋಟೆ ಇಟ್ಟರು. "ಹೊಳಿ ದಂಡಿ ಕಥಿ. ನಿನಗ ಬಿಟ್ಟು ಬ್ಯಾರೆ ಯಾರಿಗೆ ಕೊಡ್ಲಿ?"

ನಂದಿನಿಯ ಊರು ಕೃಷ್ಣೆಯ ದಂಡೆಯ ಮೇಲೆ, ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಮನೆಯಲ್ಲಿ ಇದ್ದವರು ಅವಳು ಮತ್ತು ತಾಯಿ ಅಯ್ಯಮ್ಮ. ಗೂಟಕ್ಕೆ ಒಂದು ಹರಿದ ಬಲೆ. ಬಲೆ ಅಣ್ಣ ಮರಿಲಿಂಗನದು. ಮೂರು ವರ್ಷದ ಹಿಂದೆ ಹೊಳೆ ಏರಿದಾಗ, ಮುಳ್ಳುಕಂಟಿಗೆ ಸಿಕ್ಕ ಬಲೆ ಬಿಡಿಸಲು ಇಳಿದವನು ಮೇಲೆ ಬರಲಿಲ್ಲ. ಬಲೆ ಸಿಕ್ಕಿತು, ಮರಿಲಿಂಗ ಸಿಗಲಿಲ್ಲ. ಹೆಣ ಸಿಗದವನ ಬಲೆಗೆ ಸೂಜಿ ತಾಗಿಸಬಾರದೆಂಬುದು ಅವರ ಓಣಿಯ ಕಟ್ಟಳೆ. ಯಾಕೆ ಎಂದು ಅಯ್ಯಮ್ಮನಿಗೂ ಗೊತ್ತಿರಲಿಲ್ಲ. ಕೇಳಿದವರ ಬಾಯಿಯನ್ನು ಹಿರಿಯರು ಗದರಿಸಿ ಮುಚ್ಚಿಸುತ್ತಿದ್ದರು.

ಈ ಕಥೆಗಾರ, ಯಾದಗಿರಿಯ ಯಾವನೋ ಗುಮಾಸ್ತ ಚೇತನಕುಮಾರ, ಆ ಯಾಕೆಗೆ ಉತ್ತರ ಬರೆದುಬಿಟ್ಟಿದ್ದ. ಎಲ್ಲಿ ಕೇಳಿದನೋ, ತಾನೇ ಕಟ್ಟಿದನೋ. ಅವನ ಕಥೆಯಲ್ಲಿ ಒಬ್ಬ ಮುದುಕಿ ಹೊಳೆ ಪಾಲಾದ ಮಗನ ಬಲೆಯನ್ನು ಏಳು ದಿನ ಕೂತು ಹೆಣೆಯುತ್ತಾಳೆ. ಏಳನೆಯ ದಿನ ದೀಪ ಹಚ್ಚುವ ಹೊತ್ತಿಗೆ ಕಡೆಯ ಗಂಟು. ಗಂಟು ಬಿಗಿದರೆ ಮಗ ತನ್ನ ಬಲೆ ಕೇಳಿಕೊಂಡು ಬರುತ್ತಾನೆ, ಬಂದವನು ಮನೆಯಲ್ಲೇ ಉಳಿಯುತ್ತಾನೆ. ಆದರೆ ಹೊಳೆ ತನ್ನ ಲೆಕ್ಕ ಬಿಡುವುದಿಲ್ಲ. ಆ ಹೊತ್ತಿಗೆ ಮನೆಯೊಳಗೆ ಕೂತಿದ್ದ ಮಗಳು ಇಲ್ಲವಾಗುತ್ತಾಳೆ, ಅವಳು ಕೂತ ಜಾಗದಲ್ಲಿ ನೀರು ನಿಂತಿರುತ್ತದೆ. ಇದೆಲ್ಲ ಗೊತ್ತಿದ್ದೇ ಮುದುಕಿ ಗಂಟು ಬಿಗಿಯುತ್ತಾಳೆ.

ನಂದಿನಿ ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಓದುತ್ತ ನಕ್ಕಳು. ಮುದುಕಿ ದರ್ಜಿಯ ಸೂಜಿಯಿಂದ ಬಲೆ ಹೊಲಿಯುತ್ತಿದ್ದಳು! ಬಲೆ ಹೆಣೆಯುವ ಬಿದಿರಿನ ಚಪ್ಪಟೆ ಸೂಜಿಯನ್ನು ಈ ಮಹಾಶಯ ಕಂಡೇ ಇರಲಿಲ್ಲ.

"ಒಬ್ಬಾಕಿನೇ ಯಾಕ ನಗಾಕತ್ತಿ?" ಎಂದಳು ಅಯ್ಯಮ್ಮ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ನನಗೂ ಓದಿ ಹೇಳು."

ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಮರಿಲಿಂಗ ಹೋದ ಮೇಲೆ ಅವಳಾಗಿ ಏನನ್ನೂ ಕೇಳಿದ್ದೂ ಇಲ್ಲ. ಅಣ್ಣನ ವಿಷಯ ಬರುತ್ತದಲ್ಲ ಎಂದು ನಂದಿನಿ ಒಂದು ಕ್ಷಣ ಅಳುಕಿದಳು. ಆದರೆ ಅವ್ವ ತನ್ನ ಕಡೆ ತಿರುಗಿ ಕೂತು ಮಾತಾಡಿಸಿದ ಖುಷಿ ಆ ಅಳುಕಿಗಿಂತ ದೊಡ್ಡದಿತ್ತು. ಓದಿದಳು, ದನಿ ಏರಿಸಿ ಇಳಿಸಿ, ಚೆಂದ ಮಾಡಿ ಓದಿದಳು.

ಅಯ್ಯಮ್ಮನ ಕೈ ಜೋಳದಲ್ಲಿ ನಿಂತುಬಿಟ್ಟಿತು.

"ಎಷ್ಟು ದಿನ ಹಿಡೀತಂದಿ?"

"ಏಳು."

"ನಡುವ ಬಿಟ್ಟಿಲ್ಲೇನು ಆಕಿ?"

"ಇಲ್ಲಬೇ. ಕಥಿ ಅದು."

"ಕಡೀದು ಇನ್ನೊಮ್ಮೆ ಓದು."

ನಂದಿನಿ ಕಡೆಯ ಪುಟವನ್ನು ಇನ್ನೊಮ್ಮೆ ಓದಿದಳು. ಅವ್ವ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಅವತ್ತೇ ಸಂಜೆ ನಂದಿನಿ ಅನಿಸಿಕೆ ಬರೆದಳು. ಸೂಜಿಯ ಬಗ್ಗೆ ಬರೆದಳು. ನೀರು ನಿಂತ ಜಾಗದ ವರ್ಣನೆ ಮಾತ್ರ ಮೈ ನಡುಗಿಸುತ್ತದೆ ಎಂದು ಒಪ್ಪಿಕೊಂಡಳು. ಕೊನೆಗೆ ಅವಳಿಗೆ ಬಹಳ ಹಿಡಿಸಿದ ಸಾಲು ಬಂತು: "ಕಥೆಯ ದೊಡ್ಡ ಸುಳ್ಳು ದೆವ್ವವಲ್ಲ, ತಾಯಿ. ಒಂದು ಮಗುವಿಗಾಗಿ ಇನ್ನೊಂದನ್ನು ಯಾವ ತಾಯಿಯೂ ಕೊಡುವುದಿಲ್ಲ."

ಮರುದಿನ ಕೆಲಸಕ್ಕೆ ಹೊರಟಾಗ ಅಯ್ಯಮ್ಮ ಬಾಗಿಲ ತನಕ ಬಂದಳು. "ಬರುವಾಗ ನೈಲಾನ್ ದಾರ ತಗೊಂಡ್ ಬಾ, ಒಂದು ಉಂಡಿ. ಬಾಜೂಮನಿ ಬಸಲಿಂಗ ಹೇಳ್ಯಾನ."

ನಂದಿನಿ ತಂದುಕೊಟ್ಟಳು. ಆ ವಾರ ಮನೆಯ ಕಳೆಯೇ ಬೇರೆಯಾಯಿತು. ಅವ್ವ ತಲೆಗೆ ಎಣ್ಣೆ ಹಚ್ಚಿಕೊಂಡಳು, ನಂದಿನಿಯ ತಲೆಗೂ ಹಚ್ಚಿದಳು. ಬುತ್ತಿಗೆ ಶೇಂಗಾ ಹೋಳಿಗೆ ಕಟ್ಟಿದಳು. ಸಂಜೆ ಬಸ್ಸಿನ ಸಪ್ಪಳ ಕೇಳಿದ ಕೂಡಲೇ ಹೊರಗೆ ಬಂದು ನಿಲ್ಲುತ್ತಿದ್ದಳು. ಕಣ್ಣು ಮಾತ್ರ ಕೆಂಪಗಿರುತ್ತಿದ್ದವು, ಬೆರಳಿನ ತುದಿ ಕೊಯ್ದುಕೊಂಡಂತಿದ್ದವು. ಕೇಳಿದರೆ ಕಸಬರಿಗೆ ಕಟ್ಟಿದೆ ಎನ್ನುವಳು. ಇಪ್ಪತ್ತನಾಲ್ಕು ವರ್ಷಕ್ಕೆ ತನಗೂ ಒಬ್ಬ ತಾಯಿ ಸಿಕ್ಕಳು ಎಂದು ನಂದಿನಿ ಹಿಗ್ಗಿ ಹೀರೇಕಾಯಿಯಾದಳು. ಇಷ್ಟು ದಿನ ಅವಳ ಪಾಲಿಗಿದ್ದದ್ದು ಮರಿಲಿಂಗ ಉಂಡು ಮಿಕ್ಕ ಪ್ರೀತಿ. ಅದನ್ನು ಅವಳು ಯಾರ ಮುಂದೂ ಬಾಯಿ ಬಿಟ್ಟು ಅಂದವಳಲ್ಲ.

ಹೇಳಿದ ಸೋಮವಾರ ಜಗದೇವಪ್ಪ ಮಾಸ್ತರರು ಅಂಗಡಿಯಲ್ಲೇ ನಿಂತು ಅನಿಸಿಕೆ ಓದಿದರು. "ಕಡೀ ಮಾತು ಭಾಳ ಛಲೋ ಬಂದದ ನೋಡು. ಇದನ್ನ ದಪ್ಪ ಅಕ್ಷರದಾಗ ಹಾಕ್ತೀನಿ," ಎಂದರು. ನಂದಿನಿ ನೆಲಕ್ಕೆ ಕಾಲು ತಾಗದಂತೆ ನಡೆದು ಬಸ್ ಹತ್ತಿದಳು.

ಊರಲ್ಲಿ ಇಳಿದಾಗ ಹೊತ್ತು ಹೊಳೆಯ ಆಚೆ ದಂಡೆಗೆ ಇಳಿದಿತ್ತು. ಬಸಲಿಂಗ ಕಟ್ಟೆಯ ಮೇಲೆ ಕೂತಿದ್ದ.

"ಕಾಕಾ, ದಾರ ಸಾಲ್ತೇನ್ರಿ?"

"ಯಾವ ದಾರ?"

"ನೀವ ಅವ್ವನ ಕೈಲೆ ಹೇಳಿ ತರಿಸಿದ್ದು."

"ನಾ ಎಲ್ಲಿ ತರಿಸೀನವ್ವ? ಹೋದ ಮಂಗಳವಾರ ನಿಮ್ಮವ್ವನೇ ಬಂದು ನನ್ನ ಬಿದಿರ ಸೂಜಿ ಇಸ್ಕೊಂಡ್ ಹೋಗ್ಯಾಳ."

ಮನೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಬಾಗಿಲಿಗೆ ಬಂದ ಕೂಡಲೇ ಮೀನಿನ ಸಾರಿನ ವಾಸನೆ ಬಡಿಯಿತು. ಮೂರು ವರ್ಷದಿಂದ ಆ ಮನೆಯಲ್ಲಿ ಮೀನು ಬೇಯಿಸಿರಲಿಲ್ಲ. ಗೂಟ ಖಾಲಿ ಇತ್ತು. ಬಲೆ ಪಡಸಾಲೆಯ ತುಂಬ ಹರಡಿತ್ತು, ಎಲ್ಲಿ ಹರಿದಿತ್ತೆಂದು ಹೇಳಲು ಬಾರದಷ್ಟು ನೀಟಾಗಿ. ಅದರ ಅಂಚಿಗೆ ಅಯ್ಯಮ್ಮ ಕೂತಿದ್ದಳು, ಸೂಜಿ ಕೈಯಲ್ಲಿ, ದಾರ ಸೂಜಿಯಲ್ಲಿ. ಗೋಡೆಗೆ ಎರಡು ತಾಟು ಆನಿಸಿದ್ದವು. ಒಂದರ ಮೇಲೆ ಮರಿಲಿಂಗನ ಹೆಸರು ಕೊರೆದಿತ್ತು, ಇನ್ನೊಂದು ಅವ್ವನದು.

"ಬಾ ಯವ್ವಾ. ನಿನ್ನ ಹಾದೀನೇ ಕಾಯಾಕತ್ತಿದ್ದೆ. ಇಲ್ಲಿ ಕುಂದ್ರು."

ನಂದಿನಿ ಕೂತಳು. ಅಯ್ಯಮ್ಮ ಬೋಗುಣಿಯಲ್ಲಿ ಮೊದಲೇ ಕಲಸಿಟ್ಟಿದ್ದ ಅನ್ನದ ತುತ್ತನ್ನು ಅವಳ ಬಾಯಿಗಿಟ್ಟಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಮುಳ್ಳು ಆಯ್ದ ಮೀನು, ಸಣ್ಣ ಕೂಸಿಗೆ ಮಾಡಿದ ಹಾಗೆ. ಎರಡು ತುತ್ತು, ಮೂರು ತುತ್ತು.

"ಅವ್ವಾ, ನೀ ಕಥಿ ಪೂರ್ತಿ ಕೇಳಿದ್ದಿಯಲ್ಲ?"

"ಎರಡು ಸಲ ಓದಿಸ್ಕೊಂಡೀನಲ್ಲ ಯವ್ವಾ."

ನಂದಿನಿ ಎದ್ದು ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು, ಬಸಲಿಂಗ ಕೆಮ್ಮುವುದು ಕೇಳುತ್ತಿತ್ತು. ಗುಮಾಸ್ತನೊಬ್ಬ ಬರೆದ ಕಥೆಗೆ ಹೆದರಿ ಓಡುವುದೇ ಎಂಬ ನಾಚಿಕೆ ಒಂದಿತ್ತು. ಆದರೆ ಅವಳನ್ನು ಕೂರಿಸಿದ್ದು ನಾಚಿಕೆಯಲ್ಲ. ಅವ್ವ ಆ ಗಂಟು ಬಿಗಿಯುತ್ತಾಳೋ ಇಲ್ಲವೋ ಎಂದು ಅವಳು ನೋಡಲೇಬೇಕಿತ್ತು. ಅವತ್ತಷ್ಟೇ ಮಾಸ್ತರರ ಕೈಗೆ ಬರೆದದ್ದನ್ನು ಕೊಟ್ಟು ಬಂದಿದ್ದಳು, ಯಾವ ತಾಯಿಯೂ ಕೊಡುವುದಿಲ್ಲ ಎಂದು.

"ಬಿಗಿಬ್ಯಾಡಬೇ," ಎಂದಳು ಮೆಲ್ಲಗೆ.

ಅಯ್ಯಮ್ಮ ಎಂಜಲ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮಗಳ ಗಲ್ಲ ಹಿಡಿದು ಮುದ್ದಿಟ್ಟಳು. ಆಮೇಲೆ ದೀಪ ಹಚ್ಚಿ ಬಂದು ಕೂತು, ದಾರವನ್ನು ಕಡೆಯ ಕಣ್ಣಿಯೊಳಗೆ ತೂರಿಸಿ, ಹಲ್ಲಿನಿಂದ ಕಚ್ಚಿ ಎಳೆದಳು.

ಹೊರಗೆ ಏನೂ ಆಗಲಿಲ್ಲ. ಯಾರದೋ ಮನೆಯ ಆಡು ಒದರಿತು. ಬಸಲಿಂಗ ಇನ್ನೊಮ್ಮೆ ಕೆಮ್ಮಿದ. ನಂದಿನಿ ಬಾಗಿಲನ್ನೇ ನೋಡುತ್ತ ಕೂತಳು. ಯಾರೂ ಬರಲಿಲ್ಲ. ತಡೆಯಲಾರದೆ ಅವ್ವನ ಕಡೆ ತಿರುಗಿದಳು.

ಅಯ್ಯಮ್ಮ ಬಾಗಿಲ ಕಡೆ ನೋಡುತ್ತಲೇ ಇರಲಿಲ್ಲ. ನಂದಿನಿ ಕೂತ ನೆಲವನ್ನು ನೋಡುತ್ತಿದ್ದಳು. ಆಗ ನಂದಿನಿಯ ಚೂಡಿದಾರದ ಅಂಚು ಕಾಲಿಗೆ ತಣ್ಣಗೆ ಅಂಟಿಕೊಂಡಿತು.